ಸದ್ದಿಲ್ಲಪ್ಪ ಎಳೆಯದ ಹಳದಿ ಗುಂಡಿ

ಗೋದಾಮಿನಲ್ಲಿ ಅವನನ್ನು ಎಲ್ಲರೂ ಸದ್ದಿಲ್ಲಪ್ಪ ಎಂದೇ ಕರೆಯುತ್ತಿದ್ದರು. ನಲವತ್ತು ಅಡಿಯ ಟ್ರೇಲರನ್ನು ಹಿಂದಕ್ಕೆ ತಂದು ಸರಕಿಳಿಸುವ ಕಟ್ಟೆಗೆ ಅವನು ತಾಗಿಸಿದರೆ, ಒಳಗೆ ಪೆಟ್ಟಿಗೆ ಜೋಡಿಸುತ್ತಿದ್ದ ಹಮಾಲರಿಗೆ ಲಾರಿ ಬಂದದ್ದೇ ತಿಳಿಯುತ್ತಿರಲಿಲ್ಲ. "ಹೊರಗೆ ಸದ್ದಿಲ್ಲ, ಮನೇಲಿ ಬೆಳಗಿನ ತನಕ ಎಂಜಿನ್ ಆಫೇ ಆಗಲ್ಲ" ಎಂದು ಹೆಂಡತಿ ಅವನ ಗೊರಕೆಯನ್ನು ಆಡಿಕೊಳ್ಳುತ್ತಿದ್ದಳು. ಇಪ್ಪತ್ತೊಂಬತ್ತು ವರ್ಷ ಸ್ಟೇರಿಂಗ್ ಹಿಡಿದರೂ ಗಾಡಿಗೆ ಒಂದು ಗೀರು ಬಿದ್ದಿರಲಿಲ್ಲ. ಅದನ್ನು ಅವನು ಬಾಯಿಬಿಟ್ಟು ಹೇಳಿಕೊಳ್ಳುತ್ತಿರಲಿಲ್ಲ. ಯಾರಾದರೂ ಹೇಳಲಿ ಎಂದು ಕಾಯುತ್ತಿದ್ದ.

ಆ ವರ್ಷ ಮಗಳು ದೊಡ್ಡ ಗಾಡಿಯ ಲೈಸೆನ್ಸಿಗೆ ಓದತೊಡಗಿದಳು. ತಾಯಿ ಎರಡು ದಿನ ಮಾತು ಬಿಟ್ಟಳು. ತಂದೆ ಮಾತ್ರ ಒಳಗೊಳಗೇ ಉಬ್ಬಿಹೋಗಿದ್ದ. ಅಡುಗೆಮನೆಯ ಮೇಜಿನ ಮೇಲೆ ಎರಡು ಡಬ್ಬಿಗಳ ಮುಚ್ಚಳ ಇಟ್ಟುಕೊಂಡು ಪಾಠಕ್ಕೆ ಕೂತ.

"ನೋಡು ಮಗಾ, ಇದು ಹಳದಿ ಗುಂಡಿ, ಇದು ಕೆಂಪು. ಒಳಗೆ ಒತ್ತಿದ್ರೆ ಗಾಳಿ ತುಂಬಿ ಬ್ರೇಕ್ ಬಿಡುತ್ತೆ. ಹೊರಗೆ ಎಳೆದ್ರೆ ಗಾಳಿ ಹೊರಟುಹೋಗಿ ಸ್ಪ್ರಿಂಗು ಚಕ್ರಾನ ಕಚ್ಚಿಕೊಳ್ಳುತ್ತೆ. ಕೆಂಪು ಎಳೆದ್ರೆ ಟ್ರೇಲರ್ ಮಾತ್ರ ಬಿಗಿ. ಹಳದಿ ಎಳೆದ್ರೆ ಕೆಂಪೂ ತಾನಾಗೇ ಹೊರಗೆ ಬರುತ್ತೆ, ಹಿಂದೆ ಮುಂದೆ ಎರಡೂ ಬಿಗಿ."

"ಅಂದ್ರೆ ಗಾಳಿ ಪೂರ್ತಿ ಹೋದ್ರೂ ಗಾಡಿ ನಿಲ್ಲುತ್ತಾ?"

"ಗಾಳಿ ಹೋದ್ರೇನೇ ನಿಲ್ಲೋದು. ಅದೇ ಅದರ ಮಜಾ."

"ಮತ್ತೆ ಸ್ಟೇರಿಂಗ್ ಪಕ್ಕದ ಸಣ್ಣ ಹಿಡಿ? ಅದು ಟ್ರೇಲರ್ ಬ್ರೇಕನ್ನ ಬರೀ ಗಾಳಿಯಿಂದ ಹಿಡಿಯುತ್ತೆ, ಅದನ್ನ ನಂಬಿ ಗಾಡಿ ಬಿಟ್ಟು ಇಳೀಬಾರದು ಅಂತ ಪುಸ್ತಕದಲ್ಲಿ ದಪ್ಪ ಅಕ್ಷರದಲ್ಲಿ ಹಾಕಿದ್ದಾರೆ. ಗಾಳಿ ಸೋರಿದ್ರೆ ಬ್ರೇಕೂ ಸೋರಿಹೋಗುತ್ತಂತೆ."

"ಪುಸ್ತಕದ ಬದನೆಕಾಯಿ" ಎಂದು ಅವನು ನಕ್ಕುಬಿಟ್ಟ. ಆದರೆ ತಾನು ದಿನಕ್ಕೆ ಹತ್ತು ಸಲ ಮಾಡುತ್ತಿದ್ದುದು ಅದನ್ನೇ ಎಂದು ಹೇಳಲಿಲ್ಲ. ಹಳದಿ ಗುಂಡಿ ಎಳೆದರೆ ಭುಸ್ ಎಂದು ಹಾವು ಹೆಡೆಯೆತ್ತಿದಂತೆ ಸದ್ದಾಗುತ್ತದೆ, ಗಾಡಿ ಒಮ್ಮೆ ಮೈ ಕುಲುಕುತ್ತದೆ. ಹೊಸಬರಿಗೆ ಅದು ಸರಿ. ಎರಡು ನಿಮಿಷದ ಕೆಲಸಕ್ಕೆ ಹೆಬ್ಬೆರಳಿನಿಂದ ಆ ಹಿಡಿ ಎಳೆದರೆ ಗಾಡಿ ಬೆಕ್ಕಿನಂತೆ ಕೂರುತ್ತಿತ್ತು. ಇಷ್ಟು ವರ್ಷ ಕೂತಿದೆ, ಇನ್ನು ಮುಂದೆಯೂ ಕೂರುತ್ತದೆ.

ಗೋದಾಮಿನ ಕಟ್ಟೆಯ ಮುಂದಿನ ನೆಲ ಕಟ್ಟೆಯ ಕಡೆಗೇ ಇಳಿಜಾರು. ಸರಕು ತುಂಬಿದ ಮೇಲೆ ಲಾರಿಯನ್ನು ನಾಲ್ಕು ಹೆಜ್ಜೆ ಮುಂದೆ ಎಳೆದು ನಿಲ್ಲಿಸಿ, ಚಾಲಕ ಇಳಿದು ಹಿಂದೆ ಹೋಗಿ, ಕಟ್ಟೆಗೂ ಟ್ರೇಲರಿಗೂ ನಡುವಿನ ಸಂದಿಯಲ್ಲಿ ನಿಂತು ಬಾಗಿಲು ಹಾಕಬೇಕು. ಒಂದು ಸೋಮವಾರ ಹಾಗೆ ಬಾಗಿಲು ಹಾಕಿ ತಿರುಗಿದಾಗ ಅವನ ಹೆಗಲು ಕಟ್ಟೆಯ ಅಂಚಿನ ರಬ್ಬರಿಗೆ ಸವರಿತು. ಅದೇ ಸಂದಿಗೆ ಬರುವಾಗ ಕೈ ಬೀಸಿಕೊಂಡು ಬಂದಿದ್ದ. ಹೊರಗೆ ಬಂದು ತಿರುಗಿ ನೋಡಿದ. ಲಾರಿ ತೆಪ್ಪಗೆ ನಿಂತಿತ್ತು. ಎಂಜಿನ್ ಗಾಡಿಗೂ ಟ್ರೇಲರಿಗೂ ಸೇರಿಸಿದ ಗಾಳಿ ಪೈಪಿನ ಹತ್ತಿರ ಸುಯ್ ಎಂದು ಸಣ್ಣ ಉಸಿರು. ಕಿವಿಗೊಟ್ಟರೆ ಮಾತ್ರ ಕೇಳುವಂಥದ್ದು.

"ಏನಪ್ಪಾ, ಗೋಡೆ ಹತ್ತಿರ ಬಂತಾ?" ಎಂದ ಕಟ್ಟೆಯ ಮೇಲಿದ್ದ ಮೇಸ್ತ್ರಿ.

"ಹೊಟ್ಟೆ ಮುಂದೆ ಬಂತು" ಎಂದ ಅವನು. ಇಬ್ಬರೂ ನಕ್ಕರು.

ಪೈಪಿನ ವಿಷಯ ಗಾಡಿಯ ದೋಷ ದಾಖಲಿಸುವ ಪುಸ್ತಕದಲ್ಲಿ ಬರೆಯಬೇಕಿತ್ತು. ಬರೆದರೆ ಹೇಗೆ ಗೊತ್ತಾಯಿತು ಎಂದು ಕೇಳುತ್ತಾರೆ. ನಾಳೆ ನೋಡಿದರಾಯಿತು ಎಂದುಕೊಂಡ. ಮಂಗಳವಾರವೂ ಹಾಗೆಯೇ ಅಂದುಕೊಂಡ. ಆದರೆ ಆ ವಾರವೆಲ್ಲ ಊಟದ ನಡುವೆ ಅವನ ಕೈ ನಿಂತುಬಿಡುತ್ತಿತ್ತು. "ಏನು ಕೇಳಿಸ್ಕೋತಿದೀರಿ?" ಎಂದು ಹೆಂಡತಿ ಕೇಳಿದರೆ ಏನಿಲ್ಲ ಎನ್ನುತ್ತಿದ್ದ.

ಶನಿವಾರ ಮಗಳನ್ನು ಜೊತೆಗೆ ಕರೆತಂದ. ಕಾಗದದ ಸುರುಳಿಗಳು, ಹೆಚ್ಚೂಕಡಿಮೆ ಇಪ್ಪತ್ತೆರಡು ಟನ್. ಮಧ್ಯಾಹ್ನ ಲೋಡು ಮುಗಿಯಿತು. ನಾಲ್ಕು ಹೆಜ್ಜೆ ಮುಂದೆ ಎಳೆದ, ಸಣ್ಣ ಹಿಡಿಯನ್ನು ಕೆಳಗೆ ಜಗ್ಗಿದ, ಎಂಜಿನ್ ಆರಿಸಿ ಗೇರ್ ಬಿಡಿಸಿದ. ಮಗಳ ಕಣ್ಣು ಹಳದಿ ಗುಂಡಿಯ ಮೇಲಿತ್ತು.

"ಅಪ್ಪಾ, ಅದು..."

"ಎರಡೇ ನಿಮಿಷ. ಏನೂ ಮುಟ್ಟಬೇಡ."

ಎಡ ಬಾಗಿಲಿನ ಕೊಂಡಿ ಬಿಗಿಯಾಗಿತ್ತು. ಬಲಗೈಯಿಂದ ಅದನ್ನು ಒತ್ತುತ್ತಿದ್ದಾಗ ಬೆನ್ನಿಗೆ ಏನೋ ಮೆತ್ತಗೆ ತಾಗಿತು. ರಬ್ಬರು. ಅವನು ಹಿಂದೆ ಸರಿದಿರಲಿಲ್ಲ. ಬಾಗಿಲೇ ಅವನನ್ನು ತಳ್ಳಿಕೊಂಡು ಬಂದಿತ್ತು. ಒಂದು ಕಿರುಗುಟ್ಟುವಿಕೆ ಇಲ್ಲ, ಕಲ್ಲು ನುರಿದ ಸದ್ದೂ ಇಲ್ಲ. ಅಡ್ಡಕ್ಕೆ ತಿರುಗಿ ನುಸುಳಿಕೊಳ್ಳಲು ನೋಡಿದ. ಎಡ ಹೆಗಲು ಸಿಕ್ಕಿಕೊಂಡಿತು. ಬಾಗಿಲಿನ ಕಬ್ಬಿಣದ ಸರಳು ಪಕ್ಕೆಗೆ ಒತ್ತಿತು. ಕೂಗಲು ಬಾಯಿ ತೆರೆದರೆ ಎದೆಯಲ್ಲಿ ಕೂಗುವಷ್ಟು ಗಾಳಿ ಇರಲಿಲ್ಲ. ಒಳಗೆ ಏನೋ ಲಟಕ್ಕೆಂದಿತು.

ಆಗ ಭುಸ್ ಎಂಬ ಸದ್ದು ಅಂಗಳವೆಲ್ಲ ಕೇಳಿಸಿತು. ಲಾರಿ ನಿಂತಿತು.

ಗಾಳಿಯ ಒತ್ತಡ ತೋರಿಸುವ ಮುಳ್ಳು ಇಳಿಯುತ್ತಿದ್ದುದನ್ನು ಮಗಳು ನೋಡಿದ್ದಳು. ಕನ್ನಡಿಯಲ್ಲಿ ಕಂಬವೊಂದು ನಿಧಾನಕ್ಕೆ ಮುಂದೆ ಬಂದಂತೆ ಕಂಡಾಗ, ಮುಟ್ಟಬೇಡ ಅಂದಿದ್ದನ್ನು ಮರೆತು ಎರಡೂ ಕೈಯಲ್ಲಿ ಹಳದಿ ಗುಂಡಿ ಎಳೆದಿದ್ದಳು.

ಮೇಸ್ತ್ರಿ ಕಟ್ಟೆಯ ಅಂಚಿಗೆ ಓಡಿಬಂದು ಬಗ್ಗಿ ನೋಡಿದ. ಅವನ ಮುಖ ಸುಣ್ಣದಂತಾಯಿತು. "ಅಯ್ಯೋ! ಗಾಡಿ ಮುಂದಕ್ಕೆ ತೆಗೀರೋ, ಯಾರಾದ್ರೂ!"

ಯಾರಾದರೂ ಎಂದರೆ ಯಾರು? ಉಳಿದ ಚಾಲಕರು ಊಟಕ್ಕೆ ಹೋಗಿದ್ದರು. ಸ್ಪ್ರಿಂಗು ಈಗ ಚಕ್ರಗಳನ್ನು ಕಚ್ಚಿ ಹಿಡಿದಿದೆ. ಗಾಡಿ ಮುಂದೆ ಹೋಗಬೇಕಾದರೆ ಮೊದಲು ಆ ಹಿಡಿತ ಬಿಡಬೇಕು. ಬಿಟ್ಟ ಗಳಿಗೆಯಲ್ಲಿ ಇಪ್ಪತ್ತೆರಡು ಟನ್ ಯಾವ ಕಡೆ ವಾಲುತ್ತದೆ ಎಂಬುದು ಸಂದಿಯಲ್ಲಿ ಸಿಕ್ಕಿಕೊಂಡವನಿಗೆ ಗೊತ್ತಿದ್ದಷ್ಟು ಚೆನ್ನಾಗಿ ಅಲ್ಲಿ ಇನ್ಯಾರಿಗೂ ಗೊತ್ತಿರಲಿಲ್ಲ.

"ಕಲ್ಲು" ಎಂದ. ಮೇಸ್ತ್ರಿ ಬಗ್ಗಿದ. "ಚಕ್ರದ ಹಿಂದೆ ಕಲ್ಲು ಕೊಡು. ಮಗಳಿಗೆ ಹೇಳು, ಅವಳೇ ತೆಗೀಲಿ. ಗಾಳಿ ತುಂಬೋ ತನಕ ಕಾಯಲಿ. ಅವಸರ ಬೇಡ."

ಕಲ್ಲು ಬಿತ್ತು. ಎಂಜಿನ್ ಹೊತ್ತಿತು. ಅದರ ನಡುಕ ಸರಳಿನ ಮೂಲಕ ಅವನ ಮೂಳೆಗೆ ಹತ್ತಿತು. ಗಾಳಿ ತುಂಬಲು ಎಷ್ಟು ಹೊತ್ತು ಬೇಕೆಂದು ಅವನಿಗೆ ಗೊತ್ತಿತ್ತು. ಅಷ್ಟು ಹೊತ್ತೂ ಅರ್ಧರ್ಧ ಉಸಿರು ಎಳೆದುಕೊಂಡ. ಪೈಪಿನ ಆ ಸುಯ್ ಈಗ ಅವನಿಗೆ ಸ್ಪಷ್ಟವಾಗಿ ಕೇಳಿಸುತ್ತಿತ್ತು. ತುಂಬುತ್ತಿದ್ದ ಗಾಳಿಯಿಂದ ಅದು ಕದಿಯುತ್ತಲೇ ಇತ್ತು.

"ಅಪ್ಪಾ, ಬಿಡ್ತೀನಿ!" ಎಂದು ಮಗಳು ಕೂಗಿದಳು.

ಒಂದು ಗುಂಡಿ ಒತ್ತಿದ ಸದ್ದು. ಇನ್ನೊಂದು. ಟ್ರೇಲರ್ ಕಲ್ಲಿನ ಮೇಲೆ ಭಾರ ಹಾಕಿ ಒಂದು ಎಳೆಯಷ್ಟು ಹಿಂದೆ ಬಂತು. ಕಣ್ಣು ಕತ್ತಲಿಟ್ಟಿತು. ಆಮೇಲೆ ಎಂಜಿನ್ ಗುರ್ರೆಂದು ಎಳೆಯಿತು, ಸರಳು ಪಕ್ಕೆಯಿಂದ ಬಿಡಿಸಿಕೊಂಡಿತು, ಅವನು ಕುಸಿದು ಬಿದ್ದ.

ನಾಲ್ಕು ಪಕ್ಕೆಲುಬು ಮುರಿದಿದ್ದವು. ಎಡಗೈ ಹೆಗಲಿನ ಮಟ್ಟಕ್ಕಿಂತ ಮೇಲೆ ಏಳದಾಯಿತು.

ಹತ್ತನೆಯ ದಿನ ಮ್ಯಾನೇಜರ್ ಆಸ್ಪತ್ರೆಗೆ ಕಾಗದ ಹಿಡಿದು ಬಂದ. "ಬ್ರೇಕ್ ಫೇಲ್ ಅಂತ ಬರೆದಿದೀವಿ. ನಿಮಗೂ ಒಳ್ಳೇದು, ನಮಗೂ ಒಳ್ಳೇದು. ಒಂದು ಸಹಿ ಹಾಕಿ."

ಅವನು ಕಾಗದ ಓದಿದ. ಬಾಗಿಲ ಹತ್ತಿರ ಮಗಳು ನಿಂತಿದ್ದಳು.

"ಬ್ರೇಕ್ ಫೇಲಾಗಿಲ್ಲ ಸಾರ್. ನಾನು ಹಾಕಿರಲಿಲ್ಲ" ಎಂದ. "ಪೈಪ್ ಸೋರ್ತಿತ್ತು. ಅದೂ ನಂಗೆ ಗೊತ್ತಿತ್ತು. ಸೋಮವಾರದಿಂದ."

ಮ್ಯಾನೇಜರ್ ಪೆನ್ನಿನ ಮುಚ್ಚಳ ಹಾಕಿಕೊಂಡು ಹೋದ. ಕೆಲಸ ಹೋಯಿತು. ಮೇಸ್ತ್ರಿಯ ಮಾತಿನ ಮೇಲೆ ಅದೇ ಗೋದಾಮಿನ ಗೇಟಿನಲ್ಲಿ ಚೀಟಿ ನೋಡುವ ಕೆಲಸ ಸಿಕ್ಕಿತು. ಮಗಳು ಎರಡನೆಯ ಸಲಕ್ಕೆ ಪರೀಕ್ಷೆ ಪಾಸಾಗಿ ಬೇರೆ ಕಡೆ ಸೇರಿದಳು. ತಾಯಿ ಈಗ ಮಗಳು ಮನೆಗೆ ಬರುವ ತನಕ ಊಟಕ್ಕೆ ಕೂರುವುದಿಲ್ಲ.

ಅವನು ಗೇಟಿಗೆ ಬಂದ ಮೊದಲ ವಾರ ಒಬ್ಬ ಹಿರಿಯ ಚಾಲಕ ಚೀಟಿ ಕೊಡುತ್ತಾ ದನಿ ತಗ್ಗಿಸಿದ. "ಅಣ್ಣಾ, ನಾನೂ ಆ ಹಿಡೀನೇ ಹಾಕೋದು. ಇದುವರೆಗೆ ಏನೂ ಆಗಿಲ್ಲ."

"ಈಗ ಹೊರಗೆ ಯಾವುದು ಹಾಕಿ ಇಳಿದೆ?"

ಇಬ್ಬರೂ ಕಿಟಕಿಯಿಂದ ಆಚೆ ನೋಡಿದರು. ಇಳಿಜಾರಿನಲ್ಲಿ ಏಳು ಲಾರಿಗಳು ಸಾಲಾಗಿ ನಿಂತಿದ್ದವು. ಯಾವುದನ್ನು ಸ್ಪ್ರಿಂಗು ಹಿಡಿದಿದೆ, ಯಾವುದನ್ನು ಬರೀ ಗಾಳಿ ಹಿಡಿದಿದೆ ಎಂಬುದು ಹೊರಗಿನಿಂದ ನೋಡಿದರೆ ತಿಳಿಯುವಂತಿರಲಿಲ್ಲ. ನಾಲ್ಕನೆಯದರ ಹಿಂದೆ ಒಬ್ಬ ಹಮಾಲ ಬಿಸಿಲು ತಪ್ಪಿಸಿಕೊಂಡು ನೆರಳಿನಲ್ಲಿ ಕೂತಿದ್ದ.

ಚಾಲಕ ಚೀಟಿಯನ್ನು ಅಲ್ಲೇ ಬಿಟ್ಟು ನಾಲ್ಕನೆಯ ಲಾರಿಯ ಕಡೆಗೆ ಓಡಿದ.