ಚಪ್ಪಲಿ ಕೈಯಲ್ಲಿ ಹಿಡಿದು

ಅಂಬಿಗ ಹುಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಕೂತುಬಿಟ್ಟ. ತುಂಗಭದ್ರೆ ಕೆಂಪಗೆ ಏರುತ್ತಿತ್ತು. ಆಚೆ ದಡದಿಂದ ಹೊರಡುವ ರೈಲಿಗೆ ಅರ್ಧ ಗಂಟೆಯಷ್ಟೇ ಉಳಿದಿತ್ತು.

ಜಯನಗರದ ನಿಮಗೆ ಹರಿಗೋಲೆಂದರೆ ಬಿಡಿಸಿ ಹೇಳಬೇಕು: ಚರ್ಮ ಹೊದಿಸಿದ ಬಿದಿರಿನ ದೊಡ್ಡ ಬುಟ್ಟಿ, ಅದೇ ಇಲ್ಲಿ ದೋಣಿ. ನಮ್ಮಲ್ಲಿ ನಲ್ಲಿಯಲ್ಲಿ ನೀರು ಬರದಿದ್ದರೆ ಅರ್ಜಿ ಬರೆಯುತ್ತೇವೆ. ಇಲ್ಲಿ ನೀರಿಗೆ ಕೈಮುಗಿಯುತ್ತಾರೆ. ರಾಜ್ಯ ವಿಂಗಡಣೆಯಾದ ಮೇಲೆ ಈ ದಡ ಮೈಸೂರು, ಆ ದಡ ಆಂಧ್ರ. ಟೀಚರಾಗಿ ವರ್ಗವಾಗಿ ಬಂದ ಹೊಸತರಲ್ಲಿ ಸಂತೆಗೆ ಹೋಗಿ ಕಂಗಾಲಾಗಿದ್ದೆ. ತೆಲುಗಿನಲ್ಲಿ ಬೆಲೆ ಹೇಳಿ, ಉರ್ದುವಿನಲ್ಲಿ ಚೌಕಾಸಿ ಮಾಡಿ, ಕನ್ನಡದಲ್ಲಿ ಬೈಯುತ್ತಾರೆ. ನಿಜಾಮರ ಕಾಲದ ಕೋಟೆಗೋಡೆಗೆ ಆತುಕೊಂಡ ಕೋಣೆಯನ್ನು ನನಗೆ ಬಾಡಿಗೆಗೆ ಕೊಟ್ಟವರು ಬಳೆ ಮಾರುವ ಸಾಹೇಬರು.

ಅವರ ಮಗಳು ಮಹಬೂಬಿ ನನ್ನ ಶಿಷ್ಯೆ. ಮರುದಿನ ಬೆಳಿಗ್ಗೆ ಜಿಲ್ಲಾ ಊರಿನಲ್ಲಿ ಅವಳ ಪರೀಕ್ಷೆ; ದಿನಕ್ಕೊಂದೇ ರೈಲು. "ನೀವು ಜೋಡಿ ಹೋಗ್ತೀರಂತ ಕಳಸಾಕತ್ತೀನಿ. ಈ ಸಲ ತಪ್ಪಿದ್ರ ಶಾದಿ ಮಾಡಿಬಿಡ್ತೀನಿ," ಎಂದಿದ್ದರು ಸಾಹೇಬರು.

"ಚಪ್ಪಲಿ ಬಿಡ್ರಿ ಅವ್ವಾರ," ಎಂದ ಅಂಬಿಗ.

"ಒಳಗೆಲ್ಲಾ ಕೆಸರಿದೆ ಕಣಪ್ಪ. ನಿನ್ನ ಹರಿಗೋಲಿಗೇ ಚರ್ಮ ಹೊದಿಸಿದ್ದೀಯ, ನನ್ನ ಚಪ್ಪಲಿಗೇನು ತಕರಾರು?"

"ಅದು ತಾಯಿ ಮ್ಯಾಲ ತೇಲತೈತ್ರಿ, ತುಳಿಯಂಗಿಲ್ಲ."

ನಾನು ಹಟಮಾರಿ. ಕಂಪ್ಲೇಂಟ್ ಕೊಡ್ತೀನಿ ಅಂದೆ. ಅವನು ನೀರಿನ ಕಡೆ ತಿರುಗಿ ಕೂತ. ಹರಿಗೋಲಿನಲ್ಲಿದ್ದವರೆಲ್ಲ ತಮ್ಮ ಚಪ್ಪಲಿ ಮಡಿಲಲ್ಲಿಟ್ಟುಕೊಂಡು ನನ್ನ ಕಾಲನ್ನೇ ನೋಡುತ್ತಿದ್ದರು. ದೂರದಲ್ಲಿ ರೈಲು ಕೂಗಿತು. ತಿರುಗಿದರೆ ಮಹಬೂಬಿ ಬರಿಗಾಲಲ್ಲಿ, ಚಪ್ಪಲಿ ಕೈಯಲ್ಲಿ ಹಿಡಿದು ನಿಂತಿದ್ದಾಳೆ. ಟೀಚರಿಗೆ ತಪ್ಪು ತೋರಿಸಬಾರದೆಂದು ಅಷ್ಟು ಹೊತ್ತೂ ಬಾಯಿ ಬಿಟ್ಟಿರಲಿಲ್ಲ. ಕಣ್ಣು ಮಾತ್ರ ತುಂಬಿತ್ತು. ನನಗೆ ತುಂಬಾ ನಾಚಿಕೆಯಾಯಿತು. ಚಪ್ಪಲಿ ಕಳಚಿದೆ.

ನಡುಹೊಳೆಯಲ್ಲಿ ಹರಿಗೋಲು ಗಿರ್ರನೆ ಸುತ್ತಿದಾಗ ಪಕ್ಕದ ತೆಲುಗು ಮುದುಕಿಯ ಮೊಣಕೈಯನ್ನು ಹಿಡಿದ ನಾನು ದಡ ಮುಟ್ಟುವವರೆಗೆ ಬಿಡಲಿಲ್ಲ. ಚಲಿಸತೊಡಗಿದ್ದ ರೈಲಿಗೆ ಮಹಬೂಬಿಯನ್ನು ಹತ್ತಿಸಿ ನಾನೂ ಬರಿಗಾಲಲ್ಲೇ ಹತ್ತಿದೆ. ಅವಳು ಪಾಸಾದಳು. ಈಗ ಮುಂದಿನ ತರಗತಿಯಲ್ಲಿ ಓದುತ್ತಿದ್ದಾಳೆ.

ಕಳೆದ ರಜೆಯಲ್ಲಿ ಜಯನಗರಕ್ಕೆ ಬಂದಿದ್ದೆ. ನಾಲ್ಕನೇ ಬ್ಲಾಕಿನಲ್ಲಿ ತಂಗಿಯ ಜೊತೆ ಬಸ್ಸು ಹತ್ತಿ ಕೂತೆ. ಕಂಡಕ್ಟರು ನನ್ನ ಕೈ ನೋಡಿ, "ಯಾಕಮ್ಮ, ಚಪ್ಪಲಿ ಕಿತ್ತೋಯ್ತಾ?" ಎಂದ. ನೋಡಿಕೊಂಡರೆ, ಹರಿಗೋಲು ಹತ್ತುವಾಗಿನಂತೆ, ಎರಡೂ ಚಪ್ಪಲಿ ಕೈಯಲ್ಲಿವೆ. ತಂಗಿ ಕಿಟಕಿಯ ಕಡೆ ಮುಖ ತಿರುಗಿಸಿದಳು.

"ಹೂಂ, ಕಿತ್ತೋಯ್ತು," ಎಂದುಬಿಟ್ಟೆ. ಹುಟ್ಟಿದೂರಿನಲ್ಲಿ ನಾನು ಹೊಳೆಯನ್ನು ಮುಚ್ಚಿಟ್ಟು ಸುಳ್ಳು ಹೇಳಿದ್ದೆ. ಇಳಿಯುವವರೆಗೂ ಅವನ್ನು ಕಾಲಿಗೆ ಹಾಕಿಕೊಳ್ಳಲು ಮನಸ್ಸಾಗಲಿಲ್ಲ.