ಹೊರಗಿನ ಬಳೆ

ಕೊಪ್ಪದ ಬಸ್ ಸ್ಟ್ಯಾಂಡಿನ ಹಿಂದೆ ಕನ್ನಡಕದ ಅಂಗಡಿ ಇಟ್ಟಿರುವ ಕಮಾಲುದ್ದೀನ್ ಸಾಹೇಬರಷ್ಟು ಬೈಯುವ ವ್ಯಾಪಾರಿಯನ್ನು ನಾನು ಕಂಡಿಲ್ಲ. ನಲವತ್ತು ದಾಟಿದವರು ಯಾರೇ ಬರಲಿ, "ಕಣ್ಣಿನ ಪ್ರೆಶರ್ ನೋಡಿಸಿದ್ರಾ?" ಎಂದು ಶುರು. ಇಲ್ಲವೆಂದರೆ ಮುಗಿಯಿತು. "ಅದು ಕಳ್ಳನ ಹಾಗೆ ಮಾರಾಯ, ಅಂಚಿನಿಂದ ತಿಂತಾ ಬರ್ತದೆ. ಹೋದ ದೃಷ್ಟಿ ಯಾವ ಡಾಕ್ಟ್ರೂ ವಾಪಸ್ ಕೊಡಲ್ಲ." ಅವರ ತಾಯಿ ಕುರುಡಾದದ್ದು ಅದೇ ಕಾಯಿಲೆಯಿಂದ.

ಇಷ್ಟು ಹೇಳುವ ಮನುಷ್ಯ ತನ್ನ ಕಣ್ಣನ್ನು ಮಾತ್ರ ಯಾರಿಗೂ ತೋರಿಸಿದವರಲ್ಲ. ದಿನಾ ಅಂಗಡಿ ತೆರೆದ ಕೂಡಲೇ ಕುರ್ಚಿಯಲ್ಲಿ ಕೂತು, ಒಂದೊಂದೇ ಕಣ್ಣು ಮುಚ್ಚಿ, ಎದುರು ಗೋಡೆಯ ಅಕ್ಷರದ ಬೋರ್ಡನ್ನು ಕೊನೆಯ ಸಾಲಿನವರೆಗೂ ಓದುವುದು. "ಪಾಸ್!" ಎಂದು ತಮಗೆ ತಾವೇ ಸರ್ಟಿಫಿಕೇಟ್ ಕೊಟ್ಟುಕೊಳ್ಳುವುದು. ದೀಪದ ಬುಡದಲ್ಲೇ ಕತ್ತಲೆ ಎಂದು ನಾನು ತಮಾಷೆ ಮಾಡುತ್ತಿದ್ದೆ.

ನಾನು ಭೌತಶಾಸ್ತ್ರ ಪಾಠ ಮಾಡಿ ನಿವೃತ್ತನಾದವ. ಗೆಲಾಕ್ಸಿಗಳ ಚಿತ್ರ ಗುರುತಿಸಲು ಸಾಮಾನ್ಯ ಜನರನ್ನೂ ಸೇರಿಸಿಕೊಳ್ಳುವ ವೆಬ್‌ಸೈಟೊಂದನ್ನು ಅವರಿಗೆ ತೋರಿಸಿದ್ದೆ. ನಡುವೆ ನಕ್ಷತ್ರಗಳು ಕೋಲಿನಂತೆ ಕೂಡಿದ ಪಟ್ಟಿ ಇದೆಯೇ, ಸುತ್ತ ಬಳೆ ಇದೆಯೇ ಎಂದು ಅದು ಕೇಳುತ್ತದೆ. ಇದೆ, ಇಲ್ಲ ಎಂದು ಒತ್ತಬೇಕು. ಪಟ್ಟಿ ತಿರುಗುತ್ತಾ ಸುತ್ತಲಿನ ಅನಿಲವನ್ನು ತಳ್ಳಿ ಬಳೆಯಾಗಿ ಕೂಡಿಹಾಕುತ್ತದೆ, ಹೊಸ ನಕ್ಷತ್ರಗಳು ಸಾಲಾಗಿ ಹುಟ್ಟುವುದು ಅಲ್ಲಿಯೇ ಎಂದು ವಿವರಿಸಿದೆ.

"ಹೆರಿಗೆ ವಾರ್ಡ್ ಅನ್ನಿ!" ಎಂದರು ಸಾಹೇಬರು. ಅಂದಿನಿಂದ ಗಿರಾಕಿ ಇಲ್ಲದ ಮಧ್ಯಾಹ್ನಗಳೆಲ್ಲ ಅದಕ್ಕೇ. ಒಳಗಿನ ಬಳೆ ನೀಲಿಯಾಗಿ ಎದ್ದು ಕಾಣುತ್ತದೆ. ಕೆಲವು ಗೆಲಾಕ್ಸಿಗಳಿಗೆ ಬಹಳ ಹೊರಗೆ ಇನ್ನೊಂದು ಬಳೆ ಇರುತ್ತದೆ, ತೀರ ಮಸುಕು.

ಈ ಬೇಸಿಗೆಯಿಂದ ಅವರು ಹೊರಗಿನ ಬಳೆಗೆಲ್ಲ 'ಇಲ್ಲ' ಎಂದೇ ಒತ್ತತೊಡಗಿದರು. ಇದೆಯಲ್ಲ ಎಂದರೆ, "ನಿಮಗೆ ದೋಸೆ ಹಂಚಲ್ಲೂ ಬಳೆ ಕಾಣ್ತದೆ ಮೇಷ್ಟ್ರೇ" ಎಂದು ಬಾಯಿ ಮುಚ್ಚಿಸಿದರು. ನಾನೂ ನಕ್ಕೆ. ಆದರೆ ಪಕ್ಕದಲ್ಲಿಟ್ಟ ಚಹಾದ ಲೋಟ ಪದೇ ಪದೇ ಅವರ ಕೈ ತಾಗಿ ಬೀಳುತ್ತಿತ್ತು. ಅಂಗಡಿಯ ಬಾಗಿಲಿಗೆ ಎಡ ಭುಜ ಬಡಿದಾಗಲೆಲ್ಲ, ಬಾಗಿಲು ಕಿರಿದು ಮಾಡಿಟ್ಟನೆಂದು ಬಡಗಿ ರೇಣುಕಪ್ಪನಿಗೆ ಬೈಗುಳ. ಆ ಬಾಗಿಲು ಅಂಗಡಿಯಷ್ಟೇ ಹಳೆಯದು. ನನಗೆ ಭಯ ಶುರುವಾಯಿತು.

ಹೋದ ಸೋಮವಾರ ಅವರ ಹೆಂಡತಿ ಜಹೀರಾ ಊಟ ತಂದವರು ಕಂಪ್ಯೂಟರಿನತ್ತ ಬಗ್ಗಿ ನೋಡಿದರು. "ಅಗೋ, ತಟ್ಟೆ ಅಂಚಿನ ಹಾಗೆ ಸುತ್ತ ಒಂದು ಉಂಟಲ್ಲ?"

ಸಾಹೇಬರು ಆಗಲೇ 'ಇಲ್ಲ' ಒತ್ತಿದ್ದರು. ಮುಖ ಕೆಂಪಾಯಿತು. "ನನ್ನ ಕಣ್ಣಿನ ಮೇಲೇ ಡೌಟಾ ನಿಮಗೆ? ಮೇಲಿನ ಸಾಲೆಲ್ಲ ಬಿಡಿ, ಕೊನೇದನ್ನೇ ಓದ್ತೇನೆ, ಕೇಳಿ!" ಬೋರ್ಡಿನತ್ತ ತಿರುಗಿ ಒಂದೇ ಉಸಿರಿಗೆ ಹೇಳಿದರು: "ಗ, ಠ, ಮ, ರ, ಲ. ಪಾಸ್!"

ನಾನು ಬೋರ್ಡು ನೋಡಿದೆ. ಕೊನೆಯ ಸಾಲಿನಲ್ಲಿ ಗ ಇರಲಿಲ್ಲ. ಠ ಕೂಡ ಇರಲಿಲ್ಲ.

ಜಹೀರಾ ಬಾಯಿಗೆ ಸೆರಗು ಒತ್ತಿಕೊಂಡರು. "ಹಳೇ ಬೋರ್ಡಿಗೆ ಬೂಸ್ಟು ಹಿಡಿದಿತ್ತು ರೀ. ಬೆಳಿಗ್ಗೆ ನೀವು ಬಾಳೆಹೊನ್ನೂರಿಗೆ ಹೋದಾಗ ಹೊಸದು ಹಾಕಿದೆ. ಮೇಲಿನ ದೊಡ್ಡ ಅಕ್ಷರ ಅದೇ. ಕೆಳಗಿಂದು ಬೇರೆ."

ಸಾಹೇಬರು ಎದ್ದು ಹೋಗಿ, ಮೂಗು ತಾಗುವಷ್ಟು ಬಾಗಿ ಆ ಸಾಲನ್ನು ಓದಿದರು. ಬಾಯಿಪಾಠವನ್ನೇ ಇಷ್ಟು ದಿನ ದೃಷ್ಟಿ ಎಂದುಕೊಂಡಿದ್ದರು. ದಿನಕ್ಕೊಂದು ಹೊಸ ಗೆಲಾಕ್ಸಿ ಬಾಯಿಪಾಠ ಬರುವುದು ಹೇಗೆ?

"ಆ ಬಳೆ ನಿಜವಾಗ್ಲೂ ಉಂಟಾ ಮೇಷ್ಟ್ರೇ?"

"ಉಂಟು" ಎಂದೆ.

"ಅಮ್ಮನೂ ಹಿಂಗೇ ಬಾಗಿಲಿಗೆ ಬಡ್ಕೊಳ್ತಿದ್ಲು" ಎಂದರು, ಬಹಳ ಮೆಲ್ಲಗೆ.

ಜಹೀರಾ ಊಟದ ಡಬ್ಬಿಯನ್ನು ಹಾಗೆಯೇ ಬಿಟ್ಟು ಬೀಗದ ಕೈ ಎತ್ತಿಕೊಂಡರು. ಶಿವಮೊಗ್ಗದ ಕಣ್ಣಿನ ಆಸ್ಪತ್ರೆಗೆ ಹೋಗಲು ಬಸ್ಸಿಗೆ ಇನ್ನೂ ಹೊತ್ತಿತ್ತು. ಆದರೂ ಮೂವರೂ ಹೊರಟೆವು. ಬಾಗಿಲು ದಾಟುವಾಗ ಸಾಹೇಬರ ಎಡ ಭುಜ ಮತ್ತೆ ಬಡಿಯಿತು. ಈ ಸಲ ಅವರು ರೇಣುಕಪ್ಪನನ್ನು ಬೈಯಲಿಲ್ಲ.