ಚೀನಾದಿಂದ ಬಂದ ಬಾಯಿ

ಎರಡೂವರೆ ವರ್ಷ ನಾನೂ ನನ್ನ ಹೆಂಡತಿಯೂ ಜನರ ಎದುರಿಗೇ ನಿಂತು ಅವರನ್ನು ಆಡಿಕೊಂಡಿದ್ದೇವೆ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಬೆನ್ನ ಹಿಂದೆ ಆಡಿಕೊಳ್ಳುವುದು ಲೋಕರೂಢಿ. ಎದುರಿಗೇ ಆಡಿಕೊಳ್ಳಬೇಕಾದರೆ ಒಂದೋ ನಮಗೆ ಎಂಟೆದೆ ಇರಬೇಕು, ಇಲ್ಲವೇ ಅವರಿಗೆ ಕನ್ನಡ ಬರಬಾರದು. ನಮಗೆ ಎರಡನೆಯ ಅನುಕೂಲವಿತ್ತು. ನಾವಿದ್ದದ್ದು ಚೀನಾದಲ್ಲಿ.

ನಾನು ರಾಯಚೂರು ಕಡೆಯ ಜಾಲಹಳ್ಳಿಯವನು, ಸುಜಾತಾ ಕಲ್ಲೂರಿನವಳು. ದೇವದುರ್ಗದ ಒಂದು ಶಾಲೆಯಲ್ಲಿ ಆಟದ ಮಾಸ್ತರನಾಗಿದ್ದೆ. ಚೀನಾದಲ್ಲಿ ಯೋಗ ಕಲಿಸುವವರು ಬೇಕಾಗಿದ್ದಾರೆ ಎಂದು ಗೆಳೆಯನೊಬ್ಬ ದಾರಿ ತೋರಿಸಿದ. ಮದುವೆಯಾಗಿ ವರ್ಷ ತುಂಬುವುದರೊಳಗೆ ಇಬ್ಬರೂ ಚೆಂಗ್ಡು ಎಂಬ ಊರಿನಲ್ಲಿದ್ದೆವು. ಇಲ್ಲಿ ಡ್ರಿಲ್ ಮಾಸ್ತರ ಎನಿಸಿಕೊಂಡಿದ್ದವನು ಅಲ್ಲಿ ವಿಮಾನ ಇಳಿದ ಕೂಡಲೇ ಗುರುವಾದೆ. ಬುದ್ಧನ ನಾಡಿನವನು ಎಂದು ತಿಳಿದ ಮೇಲಂತೂ ವಯಸ್ಸಾದ ಹೆಂಗಸರು ಕೈ ಮುಗಿಯುತ್ತಿದ್ದರು. ನಮ್ಮ ಮನೆಯ ಪಡಸಾಲೆಯಲ್ಲಿ ಬುದ್ಧನ ಪಟ ಇರುವುದೇನೋ ನಿಜ. ಆದರೆ ಪಟದಲ್ಲಿರುವ ಶಾಂತಿ ಗೋಡೆ ಬಿಟ್ಟು ಇಳಿದು ನನ್ನ ತನಕ ಎಂದೂ ಬಂದಿಲ್ಲ. ನಾನು ಹುಟ್ಟಾ ಚಿಂತೆಗಾರ. ಶವಾಸನ ಹೇಳಿಕೊಟ್ಟು, ಮೂವತ್ತು ಜನ ಕಣ್ಣು ಮುಚ್ಚಿ ಹಗುರಾಗಿ ಮಲಗಿದ್ದಾಗ, ಮನೆಯಲ್ಲಿ ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂದು ನಿಂತಲ್ಲೇ ಬೆವರುತ್ತಿದ್ದೆ.

ಸುಜಾತಾಳಿಗೆ ಚಿಂತೆ ಕಡಿಮೆ, ಮಾತು ಹೆಚ್ಚು. ಆದರೆ ಅಲ್ಲಿ ಮಾತು ಯಾರಿಗೆ ಬೇಕು? ತರಕಾರಿಯವಳ ಮುಂದೆ ಬೆರಳು ತೋರಿಸಿ, ತಲೆ ಅಲ್ಲಾಡಿಸಿ, ನಕ್ಕು ಬರುವಷ್ಟೇ ಅವಳ ವ್ಯವಹಾರ. ಆರು ತಿಂಗಳಾದ ಮೇಲೆ ಒಂದು ಸಂಜೆ ಸೊಪ್ಪು ಬಿಡಿಸುತ್ತ ಕೂತವಳು ಅಳತೊಡಗಿದಳು. "ನಾ ಮೂಕಿ ಆಗಾಕತ್ತೀನಿ ಅನಸ್ತದರಿ. ನನ್ನ ದನಿ ನನಗೇ ಮರತು ಹೊಂಟದ." ಆ ರಾತ್ರಿಯಿಂದ ನನ್ನ ಚಿಂತೆಗಳ ಪಟ್ಟಿಯಲ್ಲಿ ಗ್ಯಾಸಿಗಿಂತ ಮೇಲೆ ಅವಳು ಬಂದಳು.

ಅದಾಗಿ ಕೆಲವೇ ದಿನ. ಸಿಟಿ ಬಸ್ಸಿನಲ್ಲಿ ನಿಂತಿದ್ದೆವು. ಇದ್ದಕ್ಕಿದ್ದಂತೆ ಅವಳು ಕಲ್ಲೂರಿನ ಹೊಲದಲ್ಲಿ ಕೂಗುವ ದನಿಯಲ್ಲಿ ಅಂದಳು: "ರೀ, ಆ ಮುದುಕನ್ನ ನೋಡ್ರಿ. ಇರೂವು ಮೂರು ಮೀಸಿ ಕೂದಲ, ಆಗಿನಿಂದ ಅವನ್ನೇ ತೀಡಾಕತ್ತಾನ!" ನಾನು ಗಾಬರಿಯಾಗಿ ಸುತ್ತ ನೋಡಿದೆ. ಒಬ್ಬರೂ ತಿರುಗಿ ನೋಡಲಿಲ್ಲ. ಮುದುಕ ಮಾತ್ರ ನಮ್ಮತ್ತ ನೋಡಿ ಪ್ರೀತಿಯಿಂದ ನಕ್ಕು ಮೀಸೆ ತೀಡಿದ. ಆ ಊರಿಗೆ ಹೋದ ಮೇಲೆ ನಾವಿಬ್ಬರೂ ಹೊಟ್ಟೆ ಹಿಡಿದು ನಕ್ಕದ್ದು ಅದೇ ಮೊದಲು. ಆಮೇಲೆ ಅವಳಿಗೆ ಊರು ಒಗ್ಗಿತು. ಬಸ್ಸು, ಆಸ್ಪತ್ರೆ, ನನ್ನ ಯೋಗಶಾಲೆ, ಎಲ್ಲೆಂದರಲ್ಲಿ ಕಂಡದ್ದನ್ನು ಕಂಡ ಹಾಗೆ, ಗಟ್ಟಿಯಾಗಿ, ಅಂದುಬಿಡುವಳು. ಪಿಸುಮಾತು ಎಂಬ ವಿದ್ಯೆಯನ್ನೇ ನಾವು ಮರೆತೆವು.

ಮೂರನೆಯ ವರ್ಷದ ಕೊನೆಗೆ ಯೋಗಶಾಲೆಯ ಯಜಮಾನಿ ಅದನ್ನು ಮುಚ್ಚಿದಳು. ನಾವು ರಾಯಚೂರಿಗೆ ಬಂದು ಬಾಡಿಗೆ ಮನೆ ಹಿಡಿದೆವು. ಸಾಮಾನು ಎರಡೇ ಪೆಟ್ಟಿಗೆ. ಬಾಯಿ ಮಾತ್ರ ಇಡಿಯಾಗಿ ನಮ್ಮ ಜೊತೆಗೇ ಬಂದಿತ್ತು.

ಅದು ಗೊತ್ತಾದದ್ದು ಬಂದ ವಾರದಲ್ಲೇ, ಬಜಾರದ ಒಂದು ಅರಿವೆ ಅಂಗಡಿಯಲ್ಲಿ. ಅಂಗಡಿಯ ಸಾಹೇಬರು ಸೀರೆ ಬಿಚ್ಚಿ ಹರಡುತ್ತಿದ್ದಂತೆ ಸುಜಾತಾ, "ರೀ, ಇವರು ಕೂದಲಕ್ಕ ಬಣ್ಣ ಹಚ್ಚ್ಯಾರ, ಕಿವಿಗೂ ಬಳಕೊಂಡಾರ ನೋಡ್ರಿ" ಅಂದಳು. ಸಾಹೇಬರು ಸೀರೆ ಮಡಿಸುತ್ತ ಶಾಂತವಾಗಿ ಹೇಳಿದರು: "ಹೌದು ಯವ್ವಾ, ನಮ್ಮ ಮನಿ ಕನ್ನಡಿ ಸಣ್ಣದದ. ಕಿವಿ ಕಾಣಂಗಿಲ್ಲ." ಅವರು ತೋರಿಸಿದ ಮೊದಲ ಸೀರೆಯನ್ನೇ ನಾವು ಕೊಂಡು, ಚೌಕಾಶಿ ಮಾಡದೆ ಓಡಿಬಂದೆವು.

ಅಂದಿನಿಂದ ಅವಳನ್ನು ಹೊರಗೆ ಕರೆದೊಯ್ಯುವುದೆಂದರೆ ನನಗೆ ಕೈಯಲ್ಲಿ ಕೆಂಡ ಹಿಡಿದಂತೆ. ಗುಟ್ಟಿಗೆಂದು ಬೇರೆ ಭಾಷೆ ಹುಡುಕೋಣವೆಂದರೆ ರಾಯಚೂರಿನಲ್ಲಿ ಅದೂ ಸಾಧ್ಯವಿಲ್ಲ. ಕನ್ನಡದಲ್ಲಿ ಅಂದರೆ ತಿಳಿಯುತ್ತದೆ, ದಖನಿ ಉರ್ದುವಿನಲ್ಲಿ ಅಂದರೆ ಇನ್ನೂ ಚೆನ್ನಾಗಿ ತಿಳಿಯುತ್ತದೆ, ತೆಲುಗಿನಲ್ಲಿ ಅಂದರೆ ತಿರುಗಿ ಉತ್ತರವೇ ಬರುತ್ತದೆ. ಉಳಿದದ್ದು ಚೀನೀ. ನಮಗೆ ಬರುವ ಚೀನೀಯಲ್ಲಿ ಬದನೆಕಾಯಿ ಕೇಳಬಹುದು, ಉಸಿರು ಬಿಡಿ ಎನ್ನಬಹುದು. ಅದರಲ್ಲಿ ಯಾರನ್ನು ಆಡಿಕೊಳ್ಳಲಾದೀತು?

ಹೀಗಿರುವಾಗ ನನ್ನ ತಂಗಿ ಗೌತಮಿಯನ್ನು ನೋಡಲು ಮಾನ್ವಿಯಿಂದ ಗಂಡಿನವರು ಬರುತ್ತಾರೆಂದು ಅವ್ವ ಫೋನು ಮಾಡಿದಳು. ಗೌತಮಿ ನರ್ಸಿಂಗ್ ಮುಗಿಸಿದ್ದಳು. ಹುಡುಗ ಸರ್ಕಾರಿ ನೌಕರ. ಅವ್ವ ಆಗಲೇ ಒಪ್ಪಿಗೆಯಾದಂತೆ ಮಾತಾಡುತ್ತಿದ್ದಳು. ಜಾಲಹಳ್ಳಿಯ ಬಸ್ಸಿನುದ್ದಕ್ಕೂ ನಾನು ಹೆಂಡತಿಯನ್ನು ಬೇಡಿಕೊಂಡೆ. "ಇವತ್ತೊಂದಿನ ಬಾಯಿಗೆ ಬೀಗ ಹಾಕ್ಕೋ." ಅವಳು ನಗಲಿಲ್ಲ. "ನನಗೂ ಅಂಜಿಕಿ ಅದರಿ. ನಾ ತುಟಿ ಬಿಚ್ಚಂಗಿಲ್ಲ."

ನಿಜಕ್ಕೂ ಅವಳು ತುಟಿ ಬಿಚ್ಚಲಿಲ್ಲ, ಮುಕ್ಕಾಲು ತಾಸು. ಮಂಡಕ್ಕಿ ವಗ್ಗಾಣಿ ಬಂತು, ಮಿರ್ಚಿ ಬಂತು. ಗೌತಮಿ ಚಹಾದ ತಾಟು ಹಿಡಿದು ಬಂದು ಕೊಟ್ಟು, ಗೋಡೆಗೆ ಒರಗಿ ನಿಂತಳು. ಹುಡುಗನ ಅಪ್ಪ ಲಗ್ನ ಎಲ್ಲಿ ಮಾಡೋಣ ಎಂಬಲ್ಲಿಗೆ ಬಂದಿದ್ದರು. ನಾನು ಉಸಿರು ಬಿಡಬೇಕು, ಅಷ್ಟರಲ್ಲಿ ಪಕ್ಕದಿಂದ ಚೆಂಗ್ಡು ಬಸ್ಸಿನ ಅದೇ ದನಿ ಕೇಳಿಸಿತು:

"ರೀ, ಆ ಹುಡುಗ ನಿಮ್ಮ ತಂಗಿನ್ನ ಒಮ್ಮೆರೆ ನೋಡ್ಯಾನೇನ್ರಿ? ಬಂದಾಗಿಂದ ಬಾಗಲಾನೇ ನೋಡಾಕತ್ತಾನ. ಮನಸಿಲ್ಲದವನ್ನ ಹಿಡಕೊಂಡು ಬಂದಾರ."

ಸುಜಾತಾ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಹುಡುಗ ಕಪ್ಪನ್ನು ಕೆಳಗಿಟ್ಟ.

"ಖರೇ ಅದರಿ, ಅಕ್ಕಾರ. ನಾ ಇನ್ನೊಬ್ಬಾಕಿಗೆ ಮಾತು ಕೊಟ್ಟೀನಿ. ಮನಿಯಾಗ ಹೇಳಿದೆ, ಯಾರೂ ಕಿವಿಗೆ ಹಾಕ್ಕೊಳ್ಳಲಿಲ್ಲ."

ಅವನ ಅಪ್ಪ ಎದ್ದು ಚಪ್ಪಲಿ ಹುಡುಕಿದರು. ಐದು ನಿಮಿಷದಲ್ಲಿ ಮನೆ ಖಾಲಿ. ಅವ್ವ ಸೊಸೆಯನ್ನು ನೋಡಿ, "ಮೂರು ವರ್ಷ ಚೀನಾದಾಗ ಇದನ್ನ ಕಲತು ಬಂದೇನಬೇ?" ಎಂದು ಒಳಗೆ ಹೋದವಳು ಹೊರಗೆ ಬರಲಿಲ್ಲ.

ಸುಜಾತಾ ಹಿತ್ತಿಲಿನಲ್ಲಿ ತಾಟು ತೊಳೆಯುತ್ತ ಅಳುತ್ತಿದ್ದಳು. ನಾನು ಬಾಗಿಲಿಗೆ ಅಡ್ಡ ನಿಂತಿದ್ದೆ. ಗೌತಮಿ ನನ್ನನ್ನು ಸರಿಸಿ ಹೋಗಿ ಅವಳ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತಳು. "ವೈನಿ, ನಾನೂ ನೋಡಿದ್ದೆ. ಕಪ್ಪು ಕೊಡೂಮುಂದ ನನ್ನ ಕಡಿ ಕಣ್ಣೆತ್ತಲಿಲ್ಲ. ಹೇಳಾಕ ನನಗ ಬಾಯಿ ಬರಲಿಲ್ಲ." ಆಮೇಲೆ ತಾನೂ ಒಂದು ತಾಟು ತೆಗೆದುಕೊಂಡು ತೊಳೆಯತೊಡಗಿದಳು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ ಹಿರಿಯರು. ಆಡದೆ ಉಳಿದ ಮಾತಿನಿಂದ ಏನೇನು ಹೋಗುತ್ತದೆ ಎಂದು ಅವರು ಯಾಕೋ ಹೇಳಿಲ್ಲ. ಅಂದು ಹೋಗಬಹುದಾಗಿದ್ದದ್ದು ನನ್ನ ತಂಗಿಯ ಬದುಕು.

ನಾಲ್ಕು ತಿಂಗಳ ನಂತರ ದೇವಸುಗೂರಿನಿಂದ ಇನ್ನೊಂದು ಮನೆಯವರು ಬಂದರು. ವೈನಿ ಪಕ್ಕದಲ್ಲಿ ಕೂರದಿದ್ದರೆ ತಾನು ಹೊರಗೇ ಬರುವುದಿಲ್ಲ ಎಂದು ಗೌತಮಿ ಹಟ ಹಿಡಿದಿದ್ದಳು. ಸುಜಾತಾ ಕೂತಳು. ಅವ್ವ ಅವಳ ಬಾಯಿಯನ್ನೇ ನೋಡುತ್ತಿದ್ದಳು. ನಾನೂ ಅಷ್ಟೇ. ಅವಳು ಮಾತ್ರ ಮಾತಾಡಲೇ ಇಲ್ಲ. ಹಿಂದಿನ ಕಥೆ ಹುಡುಗನ ಕಿವಿಗೂ ಬಿದ್ದಿತ್ತೆಂದು ಕಾಣುತ್ತದೆ, ಬೆವರುತ್ತ ಅವನೇ ಕೇಳಿದ: "ಅಕ್ಕಾರ, ನನ್ನ ಬಗ್ಗೆ ಏನೂ ಅನಲಿಲ್ಲಲ್ರಿ?"

"ಅನ್ನೂದಿದ್ರ ಅಂತಿದ್ದೆ ತಮ್ಮಾ. ಚಹಾ ಆರತದ, ಕುಡೀರಿ."

ಗೌತಮಿ ತಲೆ ತಗ್ಗಿಸಿಕೊಂಡೇ ನಕ್ಕಳು. ಮದುವೆ ನಿಶ್ಚಯವಾಯಿತು.

ಎಲ್ಲರೂ ನೆಮ್ಮದಿಯಾಗಿದ್ದಾರೆ, ನನ್ನೊಬ್ಬನನ್ನು ಬಿಟ್ಟು. ಯಾಕೆಂದರೆ ಅಂದು ರಾಯಚೂರಿನ ಬಸ್ಸಿನಲ್ಲಿ ಕೂತಾಗ ನನಗೊಂದು ಹೊಸ ಚಿಂತೆ ಹತ್ತಿಕೊಂಡಿತು. ನಾನು ಕಲ್ಲೂರಿಗೆ ಹೆಣ್ಣು ನೋಡಲು ಹೋದಾಗ ಇದೇ ಸುಜಾತಾ ಇಡೀ ಒಂದು ತಾಸು ತಲೆ ತಗ್ಗಿಸಿ, ಒಂದಕ್ಷರ ಆಡದೆ ಕೂತಿದ್ದಳು. ಆಗ ಅವಳಿನ್ನೂ ಚೀನಾ ಕಂಡಿರಲಿಲ್ಲ. ಆದರೆ ಕಣ್ಣು ಇದ್ದವಲ್ಲ! ಅಂದು ಅವಳು ನನ್ನಲ್ಲಿ ಏನೇನು ನೋಡಿಕೊಂಡಳೋ? ಕೇಳಿದರೆ ಹೇಳಿಯೇ ಹೇಳುತ್ತಾಳೆ. ಅದಕ್ಕೇ ಇನ್ನೂ ಕೇಳಿಲ್ಲ.